ಮಲ್ಲಿಗಮ್ಮ ಮಂಡ್ಯಕ್ಕೆ ಸಿನಿಮಾ ನೋಡಲು ಹೋದದ್ದು

ಪೂರಿಗಾಲಿಯ ನಮ್ಮ ಅಂಗನವಾಡಿಯಲ್ಲಿ ನಾನು ಟೀಚರು, ಮಲ್ಲಿಗಮ್ಮ ಸಹಾಯಕಿ. ಇದು ಇಲಾಖೆಯ ಮಾತು. ಮಕ್ಕಳನ್ನು ಕೇಳಿದರೆ ಅದು ‘ಮಲ್ಲಿಗವ್ವನ ಸ್ಕೂಲು’. ಬೆಳಿಗ್ಗೆ ಮನೆಯಿಂದ ಎತ್ತಿಕೊಂಡು ಬರುವವಳು ಅವಳು, ಮೂಗು ಒರೆಸುವವಳು ಅವಳು, ಅನ್ನ ಕಲಸಿ ಉಣಿಸುವವಳು ಅವಳು. ಊಟವಾದ ಮೇಲೆ ಮಲಗಿಸುವಾಗ ಕಥೆ ಹೇಳುವವಳೂ ಅವಳೇ. ಆ ಕಥೆಗಳಲ್ಲಿ ನರಿಯೂ ಇಲ್ಲ, ಮೊಲವೂ ಇಲ್ಲ. ಬುಲೆಟ್ಟು ಓಡಿಸುವ ತಂಗಿ, ಹಳ್ಳ ಹಾರುವ ಕುದುರೆ, ಕೋರ್ಟಿನಲ್ಲಿ ಕೂಗಾಡುವ ಅಣ್ಣ. ಎಲ್ಲಾ ಅವಳು ನೋಡಿದ ಸಿನಿಮಾಗಳವು.

ಅವಳು ಹುಟ್ಟಿದ್ದು ಮದ್ದೂರಿನ ಪಕ್ಕದ ವೈದ್ಯನಾಥಪುರದಲ್ಲಿ. ಚಿಕ್ಕವಳಿದ್ದಾಗ ಅಕ್ಕ ಚಲುವಮ್ಮನ ಸೆರಗು ಹಿಡಿದು ಮದ್ದೂರಿನ ಟೆಂಟ್ ಸಿನಿಮಾಕ್ಕೆ ನಡೆದೇ ಹೋಗುತ್ತಿದ್ದಳಂತೆ. ಅಕ್ಕನನ್ನು ವೈದ್ಯನಾಥಪುರದಲ್ಲೇ ಕೊಟ್ಟರು, ಇವಳನ್ನು ನಮ್ಮೂರಿನ ಕರಿಯಯ್ಯನಿಗೆ. ಇಲ್ಲಿಗೆ ಬಂದ ಮೇಲೆ ಮಳವಳ್ಳಿಯ ಟಾಕೀಸು. ನಾಟಿ ಮುಗಿದು ಕೈ ಬಿಡುವಾದಾಗ ಹೆಂಗಸರೆಲ್ಲ ಸೇರಿ ಮ್ಯಾಟಿನಿಗೆ ಹೋಗುವರು. ಆದರೆ ಕತ್ತಲಾಗುವ ಮುಂಚೆ ಊರು ಮುಟ್ಟಿಸುವ ಬಸ್ಸು ಒಂದೇ ಒಂದು. ಅದು ಸಿನಿಮಾ ಮುಗಿಯುವ ತನಕ ಕಾಯುತ್ತಿರಲಿಲ್ಲ. ತೆರೆಯ ಮೇಲೆ ಕಡೇ ಹೊಡೆದಾಟ ಶುರುವಾಗುತ್ತಿದ್ದ ಹಾಗೇ ಇವರು ಕತ್ತಲಲ್ಲಿ ಚಪ್ಪಲಿ ಹುಡುಕಬೇಕು. ಮಾರನೆಯ ದಿನ ಗದ್ದೆಯಲ್ಲಿ ಉಳಿದವರು, ‘ಆಮ್ಯಾಕೇನಾಯ್ತಮ್ಮಿ?’ ಎಂದರೆ ಮಲ್ಲಿಗಮ್ಮ ತಾನೇ ಒಂದು ಕೊನೆ ಕಟ್ಟಿ ಹೇಳುವಳು. ಎಷ್ಟೋ ವರ್ಷವಾದ ಮೇಲೆ ಅದೇ ಸಿನಿಮಾಗಳು ಟಿ.ವಿ.ಯಲ್ಲಿ ಬಂದವು. ನಿಜವಾದ ಕೊನೆ ನೋಡಿ ಅವಳಿಗೆ ಒಂದೂ ಹಿಡಿಸಲಿಲ್ಲ. ‘ಥೂ, ಕೆಡಿಸಾಕ್ಬುಟ್ಟವ್ರೆ’ ಎಂದು ಎದ್ದು ಹೋಗಿ ಪಾತ್ರೆ ತೊಳೆದಳಂತೆ.

ನಮ್ಮ ಗೆಳೆತನದಲ್ಲಿ ಮೂರನೆಯವಳು ಅಜೀಜಾ. ಮಳವಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಅವಳದು ಬ್ಲೌಸು ಹೊಲಿಯುವ ಅಂಗಡಿ. ಮೀಟಿಂಗಿಗೆ ಹೋದ ನಾವು ಬಸ್ಸಿಗೆ ಕಾಯುತ್ತ ಅವಳ ಅಂಗಡಿಯ ಬೆಂಚಿನ ಮೇಲೆ ಕೂತು ಕೂತೇ ಸ್ನೇಹವಾದದ್ದು. ಹೋದ ಚಳಿಗಾಲದಲ್ಲಿ ಒಂದು ದಿನ ಅವಳೇ ಫೋನು ಮಾಡಿದಳು. ಮಂಡ್ಯದಲ್ಲಿರುವ ಅವಳ ತಂಗಿ ಕಹಕಶಾನ್ ಸುದ್ದಿ ಕೊಟ್ಟಿದ್ದಳಂತೆ. ಪೇಟೆಯ ಗೆಳೆಯರ ಬಳಗವೊಂದು ಚಿತ್ರೋತ್ಸವ ಇಟ್ಟುಕೊಂಡಿದೆ, ಬೇರೆ ಬೇರೆ ದೇಶದ ಸಿನಿಮಾ ತೋರಿಸುತ್ತಾರೆ, ಯಾರು ಬೇಕಾದರೂ ಬರಬಹುದು.

“ಶನಿವಾರ ಸರ್ಕಾರಿ ರಜೆ ಐತೆ, ಭಾನುವಾರ ಎಂಗೂ ರಜೆ. ನನ್ ತಂಗಿ ಮನೇಲೇ ಉಳ್ಕೊಳಾಣ. ಮಲ್ಲಿಗಕ್ಕನ್ನ ಕರ್ಕಂಡು ಬಾ ನಾಗಶ್ರೀ,” ಎಂದಳು ಅಜೀಜಾ.

ಕರಿಯಯ್ಯನಿಗೆ ಹೇಳಿದಾಗ ನಾನೂ ಅಲ್ಲೇ ಇದ್ದೆ. ಅವನು ಎಮ್ಮೆ ಮೈ ತೊಳೆಯುತ್ತಿದ್ದವನು ಕೈ ನಿಲ್ಲಿಸಿದ. “ಎರಡ್ ದಿನ್ವಾ? ಒಂದ್ ಸಿನ್ಮಾನ ಅಷ್ಟುದ್ದ ತಗ್ದವ್ರಾ?”

“ಒಂದಲ್ಲ ಕಣಯ್ಯ, ಸುಮಾರವೆ. ಇಟ್ಟು ಬೇಸಿಟ್ಟು ಓಯ್ತೀನಿ, ಉಂಡ್ಕಂಡಿರು,” ಎಂದಳು ಮಲ್ಲಿಗಮ್ಮ.

“ಓಗು ಓಗು, ನೀನಿಲ್ದಿದ್ರೆ ಮನೇಲಿ ವಸಿ ಸದ್ದಾರ ಕಮ್ಮಿ ಆಯ್ತದೆ,” ಎಂದು ಅವನು ಮತ್ತೆ ಎಮ್ಮೆಯ ಕಡೆ ತಿರುಗಿದ. ಅದೇ ಅವನ ಒಪ್ಪಿಗೆ.

ಶನಿವಾರ ಬೆಳಿಗ್ಗೆ ಮಂಡ್ಯದ ಚಿತ್ರೋತ್ಸವದ ಸಭಾಂಗಣದ ಬಾಗಿಲಲ್ಲಿ ನಮಗೆ ದಾರ ಕಟ್ಟಿದ ಪಾಸು ಕೊಟ್ಟರು. ಮಲ್ಲಿಗಮ್ಮ ಅದನ್ನು ಕೊರಳಿಗೆ ಹಾಕಿಕೊಂಡವಳು ತೆಗೆಯಲೇ ಇಲ್ಲ. ಸೆರಗಿನ ಒಳಗೆ ಹೋದಾಗೆಲ್ಲ ಹೊರಗೆ ಎಳೆದು ಬಿಡುತ್ತಿದ್ದಳು. ಒಳಗೆ ಕಾಲೇಜಿನ ಹುಡುಗ ಹುಡುಗಿಯರು, ರಿಟೈರಾದ ಮೇಷ್ಟ್ರುಗಳು. ನಮ್ಮ ಹಾಗೆ ಬ್ಯಾಗು ತುಂಬ ಚಕ್ಕುಲಿ ತಂದವರು ಯಾರೂ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಕ್ಕಪಕ್ಕದ ಸಾಲಿನವರೆಲ್ಲ ನಮ್ಮ ಚಕ್ಕುಲಿ ತಿಂದಿದ್ದರು.

ಮೊದಲ ಸಿನಿಮಾ ಅಸ್ಸಾಮಿನದು. ಒಬ್ಬ ಹುಡುಗಿ ದೋಣಿ ನಡೆಸಲು ಕಲಿಯುತ್ತಾಳೆ. ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದನ್ನು ನಾನು ಓದಿ ಓದಿ ಪಿಸುಗುಟ್ಟುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮಲ್ಲಿಗಮ್ಮ ನನ್ನ ತೊಡೆ ಚಿವುಟಿದಳು. “ನೀ ಸುಮ್ಕಿರು ಟೀಚ್ರೆ. ಆ ಮಗೀನ ಮಕ ನೋಡಿದ್ರೆ ಗೊತ್ತಾಯ್ತದೆ.” ಅಜೀಜಾ ಆಗಲೇ ಅಳುತ್ತಿದ್ದಳು. ಅಳುವಂಥದ್ದು ಇನ್ನೂ ಏನೂ ಆಗಿರಲಿಲ್ಲ. “ಆಯ್ತದೆ ನೋಡು, ನಂಗೊತ್ತು,” ಎಂದು ಮೂಗು ಒರೆಸಿಕೊಂಡಳು. ಏನೂ ಆಗಲಿಲ್ಲ, ಹುಡುಗಿ ದೋಣಿ ನಡೆಸಿದಳು, ಊರೆಲ್ಲ ನಕ್ಕಿತು. ಅದಕ್ಕೂ ಅಜೀಜಾ ಅತ್ತಳು.

ಎರಡನೆಯದು ಯಾವುದೋ ಚಳಿದೇಶದ್ದು. ಒಂದು ದೊಡ್ಡ ಕೆರೆ. ಈ ದಡದಲ್ಲಿ ಒಬ್ಬಳು ಮುದುಕಿ, ಆ ದಡದಲ್ಲಿ ಇನ್ನೊಬ್ಬಳು. ಒಂದು ಕಾಲಕ್ಕೆ ಜೀವದ ಗೆಳತಿಯರು, ಈಗ ಮಾತಿಲ್ಲ. ಯಾಕೆ ಎಂದು ಸಿನಿಮಾದವರು ಹೇಳಲೇ ಇಲ್ಲ. ಬೆಳಗಾದರೆ ಈ ದಡದವಳು ಕಿಟಕಿಯಲ್ಲಿ ನಿಂತು ಆ ಮನೆಯ ಹೊಗೆಗೂಡಿನ ಕಡೆ ನೋಡುತ್ತಾಳೆ. ಹೊಗೆ ಎದ್ದರೆ ತನ್ನ ಕೆಲಸಕ್ಕೆ ತಿರುಗುತ್ತಾಳೆ. ಒಂದು ಬೆಳಿಗ್ಗೆ ಹೊಗೆ ಏಳುವುದಿಲ್ಲ. ಅವಳು ದೋಣಿ ಹತ್ತಿ, ಆ ಚಳಿಯಲ್ಲಿ ಒಬ್ಬಳೇ ಹುಟ್ಟು ಹಾಕಿಕೊಂಡು ಹೋಗಿ, ಬಾಗಿಲು ತಟ್ಟುತ್ತಾಳೆ. ಬಾಗಿಲು ತೆರೆಯುತ್ತದೆ. ತೆರೆದವರು ಯಾರು ಎಂದು ಕಾಣುವ ಮುಂಚೆಯೇ ತೆರೆ ಕಪ್ಪಾಗಿ, ಹೆಸರುಗಳು ಬರತೊಡಗಿದವು.

“ಕರೆಂಟೋಯ್ತಾ?” ಎಂದಳು ಮಲ್ಲಿಗಮ್ಮ.

“ಮುಗೀತು,” ಎಂದೆ.

“ಏನ್ ಮುಗೀತು?”

ದೀಪ ಹತ್ತಿತು. ಪ್ರಿಯಾಂಕ ಎಂಬ ಹುಡುಗಿ ಮೈಕು ಹಿಡಿದು ಮುಂದೆ ಬಂದಳು. ಬಳಗದವಳು, ಕಾಲೇಜಿನಲ್ಲಿ ಪಾಠ ಮಾಡುತ್ತಾಳಂತೆ. ಸಿನಿಮಾದ ಬಗ್ಗೆ ಮಾತಾಡೋಣ, ಯಾರಾದರೂ ಶುರು ಮಾಡಿ, ಎಂದಳು. ಮಲ್ಲಿಗಮ್ಮ ಎದ್ದೇ ನಿಂತಳು.

“ಬಾಗ್ಲು ತಗ್ದೋರು ಯಾರವ್ವ?”

ಪ್ರಿಯಾಂಕ ನಕ್ಕಳು. “ಅದನ್ನ ನಮಗೇ ಬಿಟ್ಟಿದ್ದಾರೆ ಅಮ್ಮ. ನಾವು ಯೋಚನೆ ಮಾಡ್ಲಿ ಅಂತ.”

“ನಮಗ್ಯಾಕವ್ವ ಬುಟ್ರು? ಅವ್ರೇ ಅಲ್ವಾ ತಗ್ದೋರು? ಅಷ್ಟು ದೂರ ದೋಣಿ ಉಟ್ಟಾಕಂಡು ಓದೋಳ್ನ ಬಾಗ್ಲಲ್ಲೇ ನಿಲ್ಸ್‌ಬುಟ್ರಲ್ಲ!”

ಸಭಾಂಗಣವೆಲ್ಲ ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ಹೇಳತೊಡಗಿದರು. ಒಬ್ಬ ಹುಡುಗ, ಗೆಳತಿಯೇ ತೆಗೆದಿರುತ್ತಾಳೆ, ಸೌದೆ ಒದ್ದೆಯಾಗಿ ಒಲೆ ಹತ್ತಿರಲಿಲ್ಲ ಅಷ್ಟೆ ಎಂದ. ಹಿಂದಿನ ಸಾಲಿನ ಮೇಷ್ಟ್ರೊಬ್ಬರು, ಆಕೆ ಹೋಗಿಬಿಟ್ಟಿದ್ದಾಳೆ, ತೆಗೆದವರು ನೆರೆಯವರು ಎಂದರು. ಇಬ್ಬರಿಗೂ ಬೆಂಬಲಿಗರು ಹುಟ್ಟಿಕೊಂಡರು. ಪ್ರಿಯಾಂಕ ಮೈಕನ್ನು ನಮ್ಮ ಸಾಲಿಗೇ ತಂದು, “ನೀವು ಹೇಳಿ ಅಮ್ಮ, ಯಾರು?” ಎಂದಳು.

ನಾನು, ಅಜೀಜಾ ಮುಖ ನೋಡಿಕೊಂಡೆವು. ಮಲ್ಲಿಗಮ್ಮನಿಗೆ ಇಂಥದ್ದೆಲ್ಲ ನೀರು ಕುಡಿದ ಹಾಗೆ ಎಂದು ನಮಗೆ ಗೊತ್ತು. ಆದರೆ ಅವಳು ಮೈಕನ್ನು ಸುಮ್ಮನೆ ನೋಡಿ, “ನಂಗೊತ್ತಿಲ್ಲ ಕಣವ್ವ,” ಎಂದು ಕೂತುಬಿಟ್ಟಳು.

ಸಂಜೆ ಕಹಕಶಾನಳ ಮನೆಯಲ್ಲಿ ಊಟ. ನಮಗೆಂದು ಅವಳು ಬೆಳಗಿನಿಂದ ಅಡಿಗೆ ಮನೆಯಲ್ಲೇ ನಿಂತಿದ್ದಳು. ಮಲ್ಲಿಗಮ್ಮ ಬಿರಿಯಾನಿಯ ಅನ್ನವನ್ನು ಬೆರಳಲ್ಲಿ ಆಡಿಸುತ್ತ ಕೂತಿದ್ದಳು.

“ಯಾಕಕ್ಕ, ಉಪ್ಪು ಕಮ್ಮಿಯಾ?” ಎಂದಳು ಕಹಕಶಾನ್.

“ಇಲ್ಲ ಕಣ್ ತಾಯಿ, ಚೆಂದಾಗದೆ.” ಆಮೇಲೆ ತಟ್ಟೆಗೇ ಹೇಳುವ ಹಾಗೆ ಹೇಳಿದಳು. “ಆ ಯಮ್ಮಂಗೆ ಒಗೆನಾದ್ರೂ ಕಾಣ್ತಿತ್ತು. ವೈದ್ನಾತ್‌ಪುರದ್ದು ನಂಗೇನ್ ಕಾಣ್ತದೆ?”

ನನಗೂ ಅಜೀಜಾಗೂ ಆ ವಿಷಯ ಗೊತ್ತಿತ್ತು. ಮಲ್ಲಿಗಮ್ಮನ ತಾಯಿ ತೀರಿಕೊಂಡಾಗ ಅಕ್ಕ ತಂಗಿಗೆ ಆದ ಜಗಳ ಅದು. ಮಲ್ಲಿಗಮ್ಮ, ಕರಿಯಯ್ಯ ಬೌದ್ಧ ಧಮ್ಮಕ್ಕೆ ಸೇರಿದವರು. ಅವ್ವನನ್ನು ಬುದ್ಧವಂದನೆ ಹೇಳಿ ಕಳಿಸೋಣ ಎಂದಳು ಇವಳು. ಬಾಳೆಲ್ಲ ವೈದ್ಯನಾಥೇಶ್ವರನಿಗೆ ಕೈ ಮುಗಿದ ಜೀವ, ನಮ್ಮ ಹಿರೀಕರ ಹಾಗೇ ಮಾಡಬೇಕು ಎಂದಳು ಅಕ್ಕ. ಹೆಣ ಇಟ್ಟುಕೊಂಡೇ ಮಾತು ಬೆಳೆಯಿತು. “ದೇವ್ರು ಬುಟ್ಟೋಳಿಗೆ ಅವ್ವ ಯಾಕೆ?” ಎಂದುಬಿಟ್ಟಳಂತೆ ಚಲುವಮ್ಮ. ಇವಳು ಮಣ್ಣು ಹಾಕಿ, ನೀರೂ ಕುಡಿಯದೆ ಹಿಂದಿರುಗಿದ್ದಳು. ಅಂದಿನಿಂದ ಹೋಗಿಲ್ಲ, ಫೋನಿಲ್ಲ. ಮದ್ದೂರಿನ ಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದಾಳೆ, ಇಳಿದಿಲ್ಲ.

“ನಾಳೆ ಬೆಳಿಗ್ಗೆ ಮೊದಲ್ನೇ ಸಿನ್ಮಾ ಬುಡಾಣ,” ಎಂದಳು ಅಜೀಜಾ, ಎಲುಬು ಕಚ್ಚುತ್ತ. “ಮದ್ದೂರು ಏನ್ ದೂರ?”

ಬೆಳಿಗ್ಗೆ ಮಲ್ಲಿಗಮ್ಮ ನಮಗಿಂತ ಮುಂಚೆ ತಲೆ ಬಾಚಿಕೊಂಡು, ಪಾಸು ಕೊರಳಿಗೆ ಹಾಕಿಕೊಂಡು ರೆಡಿಯಾಗಿ ಕೂತಿದ್ದಳು.

ಮದ್ದೂರಿನಲ್ಲಿ ಇಳಿದು ಆಟೋ ಹಿಡಿದೆವು. ಮಲ್ಲಿಗಮ್ಮ ದಾರಿಯುದ್ದಕ್ಕೂ ಆಟೋದವನನ್ನು ಬೈದಳು. ಜೋರಾಗಿ ಹೋದರೆ ಜೋರು, ನಿಧಾನವಾದರೆ ನಿಧಾನ. ಮನೆ ಮುಂದೆ ಇಳಿದಾಗ ಚಲುವಮ್ಮ ಅಂಗಳದಲ್ಲಿ ಗೋಣಿಚೀಲದ ಮೇಲೆ ಹುರುಳಿ ಒಣಗಹಾಕುತ್ತಿದ್ದಳು. ತಂಗಿಯಷ್ಟೇ ಎತ್ತರ, ತಂಗಿಯದೇ ಮೂಗು, ಕೂದಲು ಪೂರ್ತಿ ಬಿಳಿ. ಬೆನ್ನು ನೆಟ್ಟಗೆ ಮಾಡಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ನೋಡುತ್ತಲೇ ಅವಳ ಮುಖ ಬಿಳಿಚಿಕೊಂಡಿತು.

“ಯಾರು ಸತ್ರು?”

“ಯಾರೂ ಸತ್ತಿಲ್ಲ ಕಣಕ್ಕ,” ಎಂದಳು ಮಲ್ಲಿಗಮ್ಮ. “ಸಿನ್ಮಾಕ್ಕೆ ಬಂದಿದ್ದೊ.”

“ಇಲ್ಯಾರು ಸಿನ್ಮಾ ತೋರ್ಸ್ತಾರೆ ನಿಂಗೆ?”

“ಮಂಡ್ಯದಲ್ಲಿ.”

“ಮಂಡ್ಯದಲ್ಲಿ ತೋರ್ಸುದ್ರೆ ಇಲ್ಲಿಗ್ಯಾಕ್ ಬಂದೆ?”

ಮಲ್ಲಿಗಮ್ಮ ಕೊರಳ ಪಾಸನ್ನು ಎತ್ತಿ ತೋರಿಸಿದಳು. ಚಲುವಮ್ಮ ಹತ್ತಿರ ಬಂದು ಅದನ್ನು ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಇಬ್ಬರಿಗೂ ಓದು ಅಷ್ಟಕ್ಕಷ್ಟೆ. ಆದರೂ ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು, ತಂಗಿಯ ಮುಖ ನೋಡುವುದನ್ನು ಸ್ವಲ್ಪ ಮುಂದಕ್ಕೆ ಹಾಕುವ ಹಾಗೆ. ಕೊನೆಗೆ ಪಾಸು ಬಿಟ್ಟು ಮಲ್ಲಿಗಮ್ಮನ ರಟ್ಟೆ ಹಿಡಿದಳು.

“ಎಷ್ಟ್ ಸಣ್ಣ ಆಗಿದ್ದೀಯ. ಆ ಕರಿಯಯ್ಯ ಇಟ್ ಆಕಲ್ವಾ?”

“ನಾನೇ ಅವನಿಗ್ ಆಕೋದು,” ಎಂದು ಮಲ್ಲಿಗಮ್ಮ ಅಳತೊಡಗಿದಳು. ಅಕ್ಕ ಅಳಲಿಲ್ಲ. ತಂಗಿಯ ಬೆನ್ನಿಗೆ ಎರಡು ಗುದ್ದಿದಳು, ಮಗು ಕೆಮ್ಮಿದಾಗ ಗುದ್ದುವ ಹಾಗೆ. ನನ್ನ ಪಕ್ಕದಲ್ಲಿ ಅಜೀಜಾ ಶುರು ಮಾಡಿದ್ದಳು ಎಂದು ಬೇರೆ ಹೇಳಬೇಕಿಲ್ಲ.

ಆಮೇಲೆ ಒಳಗೆ ಕೂರಿಸಿ ಕಾಫಿ ಕೊಟ್ಟಳು. ಗೋಡೆಯ ಮೇಲೆ ತಾಯಿಯ ಫೋಟೋ, ಅದಕ್ಕೆ ಆ ದಿನದ ಕನಕಾಂಬರ. ನಾವೆಲ್ಲ ಅದನ್ನು ನೋಡಿದೆವು. ಚಲುವಮ್ಮನೇ ಶುರು ಮಾಡಿದಳು.

“ನಾನು ವರ್ಸಾ ವರ್ಸಾ ಎಡೆ ಇಕ್ತೀನಿ. ನೀನು ಅದೇನೋ ಮೇಣದಬತ್ತಿ ಅಚ್ತೀಯಂತೆ?”

“ಅಚ್ತೀನಿ.”

“ಯಾರೋ ಯೇಳಿದ್ರು. ಅಚ್ಚು. ಅವ್ವಂಗೆ ಕತ್ಲು ಅಂದ್ರೆ ಆಯ್ತಿರ್ಲಿಲ್ಲ.”

ಜಗಳದ ಬಗ್ಗೆ ಅವರಾಡಿದ್ದು ಅಷ್ಟೇ. ಇಷ್ಟು ವರ್ಷ ಎರಡು ಮನೆಯವರನ್ನೂ ಕಾಡಿದ ಮಾತಿಗೆ ಇಷ್ಟೇ ಸಾಕಾಯಿತೇ ಎಂದು ನನಗೆ ಅನ್ನಿಸಿತು. ಒಳಗೊಳಗೆ ಇಬ್ಬರೂ ಎಂದೋ ಸೋತಿದ್ದರು ಅಂತ ಕಾಣುತ್ತದೆ. ಯಾರಾದರೊಬ್ಬರು ಆಟೋ ಹತ್ತುವುದಷ್ಟೇ ಬಾಕಿಯಿತ್ತು.

ಹೊರಡುವಾಗ ಚಲುವಮ್ಮನೂ ಸೀರೆ ಬದಲಾಯಿಸಿಕೊಂಡು ಬಂದಳು. “ನಡೀರಿ, ಅದೇನ್ ತೋರ್ಸ್ತಾರೋ ನಾನೂ ನೋಡ್ತೀನಿ.” ಮಂಡ್ಯ ತಲುಪುವ ಹೊತ್ತಿಗೆ ಮಧ್ಯಾಹ್ನದ ಸಿನಿಮಾ ಶುರುವಾಗಿತ್ತು. ಬಾಗಿಲಲ್ಲಿದ್ದ ಪ್ರಿಯಾಂಕ ಇನ್ನೊಂದು ಪಾಸು ತಂದುಕೊಟ್ಟು, “ಇವರು ಯಾರಮ್ಮ?” ಎಂದು ಕೇಳಿದಳು.

“ನಮ್ಮಕ್ಕ,” ಎಂದಳು ಮಲ್ಲಿಗಮ್ಮ. ಪ್ರಿಯಾಂಕ ಟಾರ್ಚು ಹಾಕಿ ನಾಲ್ವರಿಗೂ ಜಾಗ ತೋರಿಸಿದಳು.

ತೆರೆಯ ಮೇಲೆ ಮರಳುಗಾಡು, ಒಂಟೆ, ಒಂದು ನಿಧಾನವಾದ ಮದುವೆ ದಿಬ್ಬಣ. ಚಲುವಮ್ಮ ಪಿಸುಮಾತು ಎಂದುಕೊಂಡು ಆಡುವ ಮಾತು ಮೂರು ಸಾಲಿಗೆ ಕೇಳುತ್ತಿತ್ತು. “ಇವಳು ಮದ್ವೆ ಎಣ್ಣಾ? ಇವಳವ್ವ ಎಲ್ಲಿ? ಅಲ್ಲಮ್ಮಿ, ಒಂಟೆಗ್ ನೀರು ಕುಡ್ಸಲ್ವಾ ಇವ್ರು?” ಮುಂದೆ ಕೂತ ಹುಡುಗ ತಿರುಗಿ ನೋಡಿದ. ಅಜೀಜಾ ಅವನ ಕೈಗೆ ಚಕ್ಕುಲಿ ಇಟ್ಟಳು. ಅವನು ಮತ್ತೆ ತಿರುಗಲಿಲ್ಲ. ಅರ್ಧ ಗಂಟೆಯಲ್ಲಿ ಚಲುವಮ್ಮ ತಂಗಿಯ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿದಳು. ಮಲ್ಲಿಗಮ್ಮ ಅಲ್ಲಾಡದೆ ಕೂತಳು. ಒಮ್ಮೆ ನಾನು ನೋಡಿದಾಗ ಅವಳು ಸಿನಿಮಾ ನೋಡುತ್ತಿರಲಿಲ್ಲ, ಅಕ್ಕನ ಬಿಳಿಕೂದಲು ನೋಡುತ್ತಿದ್ದಳು.

ದೀಪ ಹತ್ತಿದಾಗ ಎಚ್ಚರಗೊಂಡ ಚಲುವಮ್ಮ, “ಚೆಂದಾಗಿತ್ತು,” ಎಂದು ತೀರ್ಪು ಕೊಟ್ಟಳು.

ಯುಗಾದಿ ಕಳೆದ ಮೇಲೆ ಅವಳು ಪೂರಿಗಾಲಿಗೆ ಬಂದು ಒಂದು ವಾರ ಇದ್ದಳು. ಬೆಳಗಾದರೆ ಅಕ್ಕತಂಗಿಯರ ಮಾತು ಶುರು. ಚಿಕ್ಕಂದಿನದು, ಊರಿನದು, ಸತ್ತವರದು, ಓಡಿಹೋದವರದು. ಒಂದು ದಿನ ಕರಿಯಯ್ಯ ಸೈಕಲ್ಲಿನಲ್ಲಿ ಎದುರಾದ.

“ಇವ್ರು ಮಾತ್ ಬುಟ್ಟಿದ್ದೇ ಚೆಂದಾಗಿತ್ತು ಕಣ್ ಟೀಚ್ರೆ. ನನ್ ಕಿವಿ ಓದೊ,” ಎಂದ.

ಹ್ಯಾಂಡಲ್ಲಿಗೆ ಚೀಲ ತೂಗುತ್ತಿತ್ತು. ಏನದು ಎಂದು ಕೇಳಿದೆ.

“ಕೆರೆ ಮೀನು. ನಮ್ಮತ್ಗೆ ತಿಂತಾಳಂತೆ,” ಎಂದು ನಗುತ್ತ ಪೆಡಲು ತುಳಿದ.