ರಜಾಯಿಯ ಕೆಳಗಿನ ಗುಳಿಗೆ

ನನ್ನ ಮಗಳಿಗೆ ಐದು ತುಂಬುವ ಮೊದಲು ಒಂದು ವರ್ಷ ಅವಳು ಧಾರವಾಡದಲ್ಲಿ ಅಜ್ಜಿಯ ಹತ್ತಿರ ಬೆಳೆದಳು. ಅದಕ್ಕೆ ಕಾರಣ ನಾನೇ. ಅದರ ಹಿಂದಿನ ಚಳಿಗಾಲದಲ್ಲಿ ನನಗೆ ವಾರಗಟ್ಟಲೆ ನಿದ್ದೆಯಿರಲಿಲ್ಲ, ದಣಿವೂ ಇರಲಿಲ್ಲ. ದೆಹಲಿಯಲ್ಲಿ ನಾವಿದ್ದ ರೋಹಿಣಿ ಬಡಾವಣೆಯ ಮಾರ್ಕೆಟ್ಟಿನಲ್ಲಿ ಗುರುತು ಪರಿಚಯ ಇಲ್ಲದವರನ್ನೆಲ್ಲ ಊಟಕ್ಕೆ ಕರೆದಿದ್ದೆ. ಕಚೇರಿಯಲ್ಲಿ ಮೇಲಧಿಕಾರಿಗೆ ಆಡಳಿತ ಹೇಗೆ ನಡೆಸಬೇಕೆಂದು ಪಾಠ ಹೇಳಿದ್ದೆ. ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದೆ. ಡಾಕ್ಟರು ಬೈಪೋಲಾರ್ ಎಂದರು, ಲಿಥಿಯಂ ಗುಳಿಗೆ ಬರೆದುಕೊಟ್ಟರು. ಅತ್ತೆ ಬಂದು ಮೊಮ್ಮಗಳನ್ನು ಕರೆದುಕೊಂಡು ಹೋದರು. ಬೇಡವೆನ್ನುವ ಬಾಯಿ ನನಗಿರಲಿಲ್ಲ.

ಲಿಥಿಯಂ ಕೆಲಸ ಮಾಡಿತು, ಅದನ್ನು ಅಲ್ಲಗಳೆಯುವಂತಿಲ್ಲ. ಮತ್ತೆ ಕಚೇರಿಗೆ ಹೋಗತೊಡಗಿದೆ, ಫೈಲು ನೋಡಿದೆ, ಸಂಜೆ ಸಬ್ಜಿ ಭಯ್ಯಾನ ಹತ್ತಿರ ತರಕಾರಿಗೆ ಚೌಕಾಸಿ ಮಾಡುವಷ್ಟು ಮನುಷ್ಯಳಾದೆ. ಆದರೆ ಆ ಗುಳಿಗೆ ಬರುವಾಗ ತನ್ನ ಬಳಗವನ್ನೆಲ್ಲ ಕರೆದುಕೊಂಡೇ ಬಂದಿತ್ತು. ಬಾಯಲ್ಲಿ ಸದಾ ತಾಮ್ರದ ಚೊಂಬು ನೆಕ್ಕಿದ ರುಚಿ. ಎಷ್ಟು ಕುಡಿದರೂ ತೀರದ ಬಾಯಾರಿಕೆ, ಅದರ ಬೆನ್ನಿಗೇ ಬಚ್ಚಲಿಗೆ ಓಟ. ಹಳೆಯ ರವಿಕೆ ಒಂದೂ ತೋಳಿಗೆ ಏರುತ್ತಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಕೈ ನಡುಕ. ಸೂಜಿಗೆ ದಾರ ಪೋಣಿಸಲಾಗದು, ಕಪ್ಪಿನ ಕಾಫಿ ಬಸಿಗೆ ತುಳುಕದೆ ತುಟಿ ಮುಟ್ಟದು. ಕೆಲವು ತಿಂಗಳಿಗೊಮ್ಮೆ ರಕ್ತ ತೆಗೆದು ಅದರಲ್ಲಿ ಲಿಥಿಯಂ ಎಷ್ಟಿದೆಯೆಂದು ನೋಡುತ್ತಿದ್ದರು. ಕಡಿಮೆಯಾದರೆ ಕಾಯಿಲೆ, ಹೆಚ್ಚಾದರೆ ವಿಷ. ನಡುವಿನ ಆ ಕಿರಿದಾದ ಜಾಗದಲ್ಲಿ ನಾನು ಸಂಸಾರ ಮಾಡಬೇಕಿತ್ತು.

ಹೀಗಿರುವಾಗ ಅತ್ತೆಯ ಫೋನ್ ಬಂತು. "ಮೇ ತಿಂಗಳದಾಗ ಕೂಸಿನ ಕರಕೊಂಡು ಬರತೀನಿ. ಬಂದು ಒಂದಿಷ್ಟು ದಿನ ಇದ್ದು ನೋಡತೀನಿ. ನೀ ನೆಟ್ಟಗಿದ್ರ ಆಕಿ ಅಲ್ಲೇ ಇರಲಿ, ಸಾಲಿಗೆ ಹಚ್ಚರಿ. ಇಲ್ಲಾಂದ್ರ ನನ್ನ ಜೋಡಿ ವಾಪಸ್ ಬರತಾಳ" ಎಂದರು. ಧಾರವಾಡದವರು ಸುತ್ತು ಬಳಸುವುದಿಲ್ಲ. ಮೈಸೂರು ಕಡೆಯವಳಾದ ನಾನು ಈ ನೇರ ಮಾತಿಗೆ ಮದುವೆಯಾಗಿ ಎಂಟು ವರ್ಷವಾದರೂ ಹೊಂದಿಕೊಂಡಿರಲಿಲ್ಲ. ಜುಲೈನಲ್ಲಿ ಮಗಳನ್ನು ಸೇರಿಸಿಕೊಳ್ಳಲು ಹತ್ತಿರದ ಶಾಲೆಯವರು ಒಪ್ಪಿದ್ದರು. ಈಗ ಅತ್ತೆಯ ಪರೀಕ್ಷೆಯೊಂದು ಬಾಕಿ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಅತ್ತೆಯ ಪ್ರಕಾರ ಗುಳಿಗೆ ತಿನ್ನುವವರು ಎಂದರೆ ಕಾಯಿಲೆಯವರು. ಹಾಗಾಗಿ ಗುಳಿಗೆ ಕಣ್ಣಿಗೆ ಬೀಳಬಾರದು, ನಡುಕ ಕಾಣಬಾರದು, ಬಾಯಾರಿಕೆಯೂ ಕಾಣಬಾರದು. ನನ್ನವರು "ಅವ್ವಗ ಹೇಳಿಬಿಡೋಣ, ಆಕಿಗೆ ತಿಳೀತದ" ಎಂದರು. ಅವರ ಅಮ್ಮ, ಅವರು ಹಾಗೇ ಹೇಳುತ್ತಾರೆ. ನಾನು ಆಣೆ ಹಾಕಿಸಿಕೊಂಡು ಬಾಯಿ ಮುಚ್ಚಿಸಿದೆ. ಎರಡು ತಿಂಗಳಿಗಾಗುವಷ್ಟು ಗುಳಿಗೆಗಳನ್ನು ಒಮ್ಮೆಗೇ ತಂದು, ಒಂದೊಂದು ಪಟ್ಟಿಯನ್ನು ಮಾತ್ರ ಪರ್ಸಿನಲ್ಲಿಟ್ಟುಕೊಂಡು, ಉಳಿದದ್ದನ್ನು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಚಳಿಗಾಲದ ಹತ್ತಿ ರಜಾಯಿಗಳ ಕೆಳಗೆ ತುರುಕಿದೆ. ದೆಹಲಿಯಲ್ಲಿ ಮೇ ತಿಂಗಳಲ್ಲಿ ರಜಾಯಿ ಮುಟ್ಟುವವರು ಯಾರು?

ಅವರು ಬಂದರು. ಮಗಳು ಉದ್ದವಾಗಿದ್ದಳು. ಹಿಂದಿ ಪೂರ್ತಿ ಮರೆತು ಅಜ್ಜಿಯ ಭಾಷೆಯಲ್ಲಿ ಮಾತಾಡುತ್ತಿದ್ದಳು. ನನ್ನನ್ನು ನೋಡಿ ಅಜ್ಜಿಯ ಸೀರೆಯ ಹಿಂದೆ ಸರಿದಳು. ಅದು ನನಗೆ ಚುಚ್ಚಿತು. ಆದರೆ ಮರುದಿನ ತಾನಾಗಿಯೇ ಬಾಚಣಿಗೆ ಹಿಡಿದು ನನ್ನ ಮುಂದೆ ಬೆನ್ನು ಮಾಡಿ ಕೂತಳು. ಬೈತಲೆ ತೆಗೆಯಲು ಹೋದರೆ ಗೆರೆ ಎಲ್ಲೆಲ್ಲೋ ಹೋಯಿತು. "ಅಮ್ಮಾ, ನಿನ್ನ ಕೈ ಯಾಕ ಹಿಂಗ ಮಾಡತದ?" ಎಂದು ಕೇಳಿದಳು. ಅತ್ತೆ ಹತ್ತಿರದಲ್ಲೇ ಹೂಬತ್ತಿ ಹೊಸೆಯುತ್ತಿದ್ದರು. "ಕೂಲರ್ ಗಾಳಿ ಕಣೇ, ಚಳಿ ಆಗ್ತಿದೆ" ಎಂದೆ. ಹೊರಗೆ ಬಿಸಿಗಾಳಿ ಬೀಸುತ್ತಿತ್ತು. ಅತ್ತೆ ತಲೆ ಎತ್ತಿ ನೋಡಿದರು, ಮತ್ತೆ ಬತ್ತಿ ಹೊಸೆಯತೊಡಗಿದರು.

ಅತ್ತೆಗೆ ಮಡಿ. ಬೆಳಗ್ಗೆ ಸ್ನಾನ ಮಾಡಿ ಮಡಿಸೀರೆ ಉಟ್ಟರೆ ಅಡುಗೆ, ಪೂಜೆ, ನೈವೇದ್ಯ ಮುಗಿದು ಎಲ್ಲರ ಊಟವಾಗುವ ತನಕ ಯಾರೂ ಅವರನ್ನು ಮುಟ್ಟುವಂತಿಲ್ಲ. ಮೊದಮೊದಲು ಇದು ನನಗೆ ಅನುಕೂಲವೇ ಆಯಿತು. ಕೈಯಿಂದ ಕೈಗೆ ಏನೂ ಕೊಡುವಂತಿಲ್ಲವಲ್ಲ, ನೆಲದ ಮೇಲಿಟ್ಟರೆ ಸಾಕು, ಅವರು ಆಮೇಲೆ ತೆಗೆದುಕೊಳ್ಳುತ್ತಾರೆ. ನಡುಕ ಯಾರಿಗೆ ಕಾಣುತ್ತದೆ? ತೊಂದರೆ ಇದ್ದದ್ದು ಬಚ್ಚಲಿನದ್ದು. ನಮ್ಮದು ಎರಡು ಕೋಣೆಯ ಫ್ಲ್ಯಾಟ್. ಬಚ್ಚಲಿಗೆ ಹೋಗಬೇಕಾದರೆ ಅಡುಗೆಮನೆಯ ಬಾಗಿಲನ್ನು ಉಜ್ಜಿಕೊಂಡೇ ಹೋಗಬೇಕು. ಪ್ರತಿ ಸಲ ನಾನು "ಬಂದೆ ಅತ್ತೆ" ಎಂದು ಕೂಗಬೇಕು, ಅವರು ಸೆರಗು ಬಿಗಿದುಕೊಂಡು ಒಲೆಯ ಮೂಲೆಗೆ ಸರಿಯಬೇಕು. ಬರುವಾಗ ಕಾಲು ತೊಳೆದು ಮತ್ತೆ ಕೂಗಬೇಕು. ಅರ್ಧ ಗಂಟೆಗೊಮ್ಮೆ ಈ ಮೆರವಣಿಗೆ.

ಮೂರನೆಯ ದಿನ ಅತ್ತೆ ಕೇಳಿಯೇಬಿಟ್ಟರು. "ಎಷ್ಟ ಸಲ ಹೋಗತೀ? ಸಕ್ಕರಿ ಕಾಯಿಲೆ ಏನರ ಅದ ಏನು?"

"ಇಲ್ಲ ಅತ್ತೆ, ಬೇಸಿಗೆಗೆ ನೀರು ಜಾಸ್ತಿ ಕುಡೀತೀನಿ, ಅದಕ್ಕೆ."

ಅಂದಿನಿಂದ ನೀರು ಕಡಿಮೆ ಮಾಡಿದೆ. ಬೆಳಗ್ಗೆ ಅವರು ಮಡಿ ಉಟ್ಟ ಮೇಲೆ ಮಧ್ಯಾಹ್ನದ ಊಟದ ತನಕ ಒಂದು ತೊಟ್ಟೂ ಕುಡಿಯುತ್ತಿರಲಿಲ್ಲ. ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ರಜೆ ಹಾಕಿ ಮನೆಯಲ್ಲಿದ್ದೆ, ಆದರೂ ಹಾಸಿಗೆಯ ಮೇಲೆ ಒರಗಲು ಭಯ. ಒರಗಿದರೆ ಮತ್ತೆ ಮಲಗಿಬಿಟ್ಟಳು ಎಂದುಕೊಂಡಾರು. ಜೋರಾಗಿ ನಕ್ಕರೆ ಮತ್ತೆ ಶುರುವಾಯಿತು ಎಂದುಕೊಂಡಾರು. ಎಷ್ಟು ನಗಬೇಕು, ಎಷ್ಟು ಮಾತಾಡಬೇಕು ಎಂದು ಅಳೆದು ಸುರಿದು ದಿನ ತಳ್ಳಿದೆ. ನಡುಕ ಮಾತ್ರ ದಿನದಿನಕ್ಕೆ ಹೆಚ್ಚುತ್ತಿತ್ತು. ಹೆದರಿಕೆಗೆ ಹೀಗಾಗುತ್ತಿದೆ ಎಂದುಕೊಂಡೆ, ಹಾಗಂದುಕೊಂಡು ಇನ್ನಷ್ಟು ಹೆದರಿದೆ.

ಏಕಾದಶಿ ಬಂತು. ಅತ್ತೆಯ ಏಕಾದಶಿ ಎಂದರೆ ಒಂದು ಉದ್ಧರಣೆ ತೀರ್ಥ ಬಿಟ್ಟರೆ ನೀರೂ ಇಲ್ಲ. "ನೀ ಮಾಡಬ್ಯಾಡವಾ, ನಿನ್ನ ಮಾರಿ ನೋಡಿದ್ರ ತ್ರಾಣ ಕಾಣಂಗಿಲ್ಲ" ಎಂದರು. ಅಷ್ಟು ಸಾಕಾಯಿತು ನನಗೆ ಹಟ ಏರಲು. ತ್ರಾಣವಿದೆ ಎಂದು ತೋರಿಸಲೇಬೇಕಿತ್ತು. ಹಿಂದೊಮ್ಮೆ ಡಾಕ್ಟರನ್ನು ವ್ರತದ ಬಗ್ಗೆ ಕೇಳಿದ್ದೆ ಕೂಡ. "ಹಾಂ ಹಾಂ, ವ್ರತ ರಖ್ ಲೀಜಿಯೇ" ಎಂದಿದ್ದರು ಆಕೆ, ಧಾರಾಳವಾಗಿ ಮಾಡಿ ಎನ್ನುವ ಹಾಗೆ. ಅವರ ಮನಸ್ಸಿನಲ್ಲಿದ್ದದ್ದು ನವರಾತ್ರಿಯ ವ್ರತ, ಹಣ್ಣು ತಿಂದು, ಹಾಲು ಚಹಾ ಕುಡಿದು, ಆಲೂಗಡ್ಡೆ ಕರಿದುಕೊಂಡು ಮಾಡುವಂಥದ್ದು. ನನ್ನ ಮನಸ್ಸಿನಲ್ಲಿದ್ದದ್ದು ಮಾಧ್ವರ ಏಕಾದಶಿ. ಇಬ್ಬರೂ ಒಂದೇ ಮಾತನ್ನು ಆಡಿದ್ದೇವೆ ಎಂದು ನಂಬಿದ್ದೆವು.

ಗುಳಿಗೆಯನ್ನು ಮಾತ್ರ ಬಿಡಲಿಲ್ಲ. ಬಚ್ಚಲ ಬಾಗಿಲು ಹಾಕಿಕೊಂಡು ನಲ್ಲಿಯ ಒಂದು ಬೊಗಸೆ ನೀರಿನಲ್ಲಿ ನುಂಗಿದೆ. ಅಂದು ನನ್ನ ಹೊಟ್ಟೆಗೆ ಹೋದದ್ದು ಅಷ್ಟೇ. ಮಧ್ಯಾಹ್ನ ಕರೆಂಟ್ ಹೋಯಿತು, ಕೂಲರ್ ನಿಂತಿತು, ಮೂರನೇ ಮಹಡಿಯ ತಾರಸಿ ಕಾದು ಕೋಣೆಯೊಳಗೆ ಉಸಿರಾಡಲಾಗಲಿಲ್ಲ. ಸಂಜೆಗೆ ವಾಂತಿ ಬಂದಂತಾಯಿತು. ಹೊಟ್ಟೆ ಖಾಲಿ ಇದ್ದರೆ ಹಾಗೇ ಎಂದುಕೊಂಡೆ.

ದ್ವಾದಶಿಯ ಬೆಳಗ್ಗೆ ಅತ್ತೆ ಬೇಗ ಅಡುಗೆ ಮಾಡಿ ಎಲೆ ಹಾಕಿದರು. ನಾನು ಕೋಣೆಯಿಂದ ಹೊರಗೆ ಬಂದೆ. ಕಾಲುಗಳು ನನ್ನ ಮಾತು ಕೇಳಲಿಲ್ಲ. ಗೋಡೆ ಹಿಡಿದೆ, ಗೋಡೆಯೂ ಸರಿಯಿತು. "ಬಂದೆ ಅತ್ತೆ" ಎನ್ನಬೇಕು, ನಾಲಿಗೆ ಹೊರಳದೆ ಬೇರೇನೋ ಸದ್ದು ಬಂತು. ಮಗಳು ನಾನು ಆಟ ಆಡುತ್ತಿದ್ದೇನೆ ಎಂದುಕೊಂಡು ನಕ್ಕು ತಾನೂ ವಾಲಾಡತೊಡಗಿದಳು. ನಾನು ಬಾಗಿಲಲ್ಲೇ ವಾಂತಿ ಮಾಡಿ ಕುಸಿದೆ. ಅತ್ತೆ ಎಲೆ ದಾಟಿಕೊಂಡು ಬಂದು ನನ್ನನ್ನು ತೊಡೆಯ ಮೇಲೆ ಎಳೆದುಕೊಂಡರು. ಮಡಿಸೀರೆಯಲ್ಲೇ, ಆ ವಾಂತಿಯಲ್ಲೇ. "ಏನ ಮಾಡಿಕೊಂಡೀವಾ, ಏನ ಮಾಡಿಕೊಂಡೀ" ಎನ್ನುತ್ತಿದ್ದದ್ದು ಕೇಳಿಸಿತು. ಎದುರು ಮನೆಯ ಪಂಜಾಬಿ ಭಾಭಿಯ ಕಾರಿನಲ್ಲಿ ಆಸ್ಪತ್ರೆಗೆ ಹೋದೆವಂತೆ. ದಾರಿ ನನಗೆ ನೆನಪಿಲ್ಲ.

ನೆನಪಿರುವುದು ಮರುದಿನದ್ದು. ಕೈಗೆ ಡ್ರಿಪ್ ಹಾಕಿದ್ದರು. ಡಾಕ್ಟರು ಮಂಚದ ಬುಡದಲ್ಲಿ ನಿಂತು ಹಿಂದಿಯಲ್ಲಿ ನನ್ನವರಿಗೆ ವಿವರಿಸುತ್ತಿದ್ದರು. ಅತ್ತೆಗೆ ಹಿಂದಿ ಬಾರದು. "ಏನ ಅಂತಾರ? ನನಗೂ ಹೇಳು" ಎಂದು ಮಗನ ತೋಳು ಎಳೆದರು. ಇವರು ನನ್ನತ್ತ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಮಗಳು ಹೋದಳು, ಇನ್ನು ಮುಗಿಯಿತು ಎಂದುಕೊಂಡೆ.

"ಆಕಿ ದಿನಾ ತಲಿ ಕಾಯಿಲೆ ಗುಳಗಿ ತಗೋತಾಳವ್ವಾ" ಎಂದರು ಇವರು. "ನೀರು ಕಡಿಮಿ ಆಗಿ ಅದು ರಕ್ತದಾಗ ಏರಿಬಿಟ್ಟದ. ಸ್ವಲ್ಪ ತಡ ಆಗಿದ್ರ ಕಿಡ್ನಿಗೆ ಬರತಿತ್ತಂತ."

ಅತ್ತೆ ಕೇಳಿದ್ದು ಕಿಡ್ನಿಯ ವಿಷಯವನ್ನಲ್ಲ. "ತಗೋತಾಳ? ದಿನಾ ತಗೋತಾಳ?"

"ಹೌದು, ಒಂದು ದಿನಾನೂ ಬಿಟ್ಟಿಲ್ಲ."

ಅತ್ತೆ ಸ್ಟೂಲಿನ ಮೇಲೆ ಕುಕ್ಕರಿಸಿ ಅಳತೊಡಗಿದರು. ಅವರು ಅಳುವುದನ್ನು ನಾನು ಆವರೆಗೆ ನೋಡಿರಲಿಲ್ಲ. ಇವರು ಔಷಧಿ ತರಲು ಹೋದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು. ಬಂದ ವಾರದಲ್ಲೇ, ಬಿಸಿಲು ಚೆನ್ನಾಗಿದೆಯೆಂದು ರಜಾಯಿಗಳನ್ನು ಒಣಗಿಸಲು ತೆಗೆದಿದ್ದರಂತೆ. ನಾನು ಆಗ ಮಗಳೊಡನೆ ಪಾರ್ಕಿಗೆ ಹೋಗಿದ್ದೆ. ಕೆಳಗೆ ಗುಳಿಗೆಯ ಪಟ್ಟಿಗಳು, ಒಂದೂ ಒಡೆಯದೆ ಹೊಸದಾಗಿಯೇ ಇದ್ದವು.

"ಡಾಕ್ಟರ್ ಕೊಟ್ಟ ಗುಳಗಿ ತಗೊಳ್ಳದ ಅಡಗಿಸಿ ಇಟ್ಟಾಳ ಅಂತ ತಿಳಕೊಂಡೆ. ಕೈ ನಡಗೋದು ನೋಡಿದೆ. ಗುಳಗಿ ಬಿಟ್ಟದ್ದಕ್ಕ ಮತ್ತ ಶುರು ಆಗೇದ ಅಂದಕೊಂಡೆ. ಅವನ ಮುಂದ ಹೇಳಿದ್ರ ನಿಮ್ಮಿಬ್ಬರಿಗೆ ಜಗಳ ಆದೀತು ಅಂತ ಸುಮ್ಮನಿದ್ದೆ. ವಾಪಸ್ ಹೋಗೋ ಟಿಕೆಟ್ ನಂದೂ ಕೂಸಿಂದೂ ಇಬ್ಬರದೂ ತೆಗಸೀನಿ."

ಗುಳಿಗೆ ಕಂಡರೆ ಮಗಳನ್ನು ಒಯ್ಯುತ್ತಾರೆಂದು ನಾನು ಮುಚ್ಚಿಟ್ಟೆ. ಮುಚ್ಚಿಟ್ಟದ್ದನ್ನು ಕಂಡೇ ಅವರು ಒಯ್ಯಲು ನಿಶ್ಚಯಿಸಿದ್ದರು. ಮಡಿಯ ಅಂತರ ಕಾಪಾಡಿಕೊಂಡು ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಓಡಾಡುತ್ತಿದ್ದೆವು.

ಗುಳಿಗೆಯನ್ನು ಕೆಲವು ದಿನ ನಿಲ್ಲಿಸಿ, ಪ್ರಮಾಣ ಇಳಿಸಿ ಮತ್ತೆ ಶುರು ಮಾಡಿದರು. ನಡುವಿನ ಆ ದಿನಗಳಷ್ಟು ಭಯ ನನಗೆ ಯಾವತ್ತೂ ಆಗಿಲ್ಲ. ಬೆಳಗ್ಗೆ ಮನಸ್ಸು ಸ್ವಲ್ಪ ಹಗುರವೆನಿಸಿದರೂ ಬಂತೇನೋ ಎಂದು ಬೆವರುತ್ತಿದ್ದೆ. ಮನೆಗೆ ಬಂದ ಮೇಲೆ ಅತ್ತೆ ಪ್ರತಿ ಹೊತ್ತೂ ನನ್ನ ಮುಂದೆ ನೀರಿನ ತಂಬಿಗೆ ಇಟ್ಟು, ಮುಗಿಯುವವರೆಗೆ ನಿಂತು ನೋಡುತ್ತಿದ್ದರು. ಉಪ್ಪೂ ಕಡಿಮೆಯಾಗಬಾರದೆಂದು ಡಾಕ್ಟರು ಹೇಳಿದ್ದರಿಂದ ಮಜ್ಜಿಗೆಗೆ ಉಪ್ಪು ತಾವೇ ಹಾಕುತ್ತಿದ್ದರು. ಆದರೆ ಮಗಳ ವಿಷಯ ಎತ್ತಲಿಲ್ಲ. ಅವಳ ಟಿಕೆಟ್ ರದ್ದು ಮಾಡಿಸಲಾ ಎಂದು ಇವರು ಕೇಳಿದ್ದಕ್ಕೆ "ಇರಲಿ, ನೋಡೋಣಂತ" ಎಂದರು. ಕೇಳುವ ಧೈರ್ಯ ನನಗಾಗಲಿಲ್ಲ. ಹೊರಡುವ ದಿನ ಮಗಳ ಬಟ್ಟೆಗಳನ್ನು ನಾನೇ ಮಡಚಿ ಚೀಲಕ್ಕೆ ತುಂಬಿದೆ. ನಡುಗುವ ಕೈಯಲ್ಲಿ ಜಿಪ್ ಹಾಕಲು ಬಹಳ ಹೊತ್ತು ಹಿಡಿಯಿತು.

ನಿಜಾಮುದ್ದೀನ್ ರೈಲು ನಿಲ್ದಾಣದಲ್ಲಿ ಇವರು ಅತ್ತೆಯ ಸಾಮಾನುಗಳನ್ನು ಒಂದೊಂದಾಗಿ ಬೋಗಿಯೊಳಗೆ ಏರಿಸಿದರು. ಮಗಳ ಚೀಲ ನನ್ನ ಕಾಲ ಬಳಿ ಉಳಿಯಿತು. ಮಗಳು ನನ್ನ ಬೆರಳು ಹಿಡಿದು ಇಂಜಿನ್ ಎಲ್ಲಿದೆ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಅತ್ತೆ ಕಿಟಕಿಯ ಹತ್ತಿರ ಕೂತು ಚೀಲವನ್ನು ನೋಡಿದರು, ನನ್ನನ್ನು ನೋಡಿದರು. ನಾನು ಬಗ್ಗಿ ಚೀಲ ಎತ್ತಿದೆ.

"ಅದು ಅಲ್ಲೇ ಇರಲಿ" ಎಂದರು ಅತ್ತೆ.

ನನ್ನ ಕೈಯಿಂದ ಚೀಲ ಜಾರಿತು. ಅತ್ತೆ ಕಿಟಕಿಯ ಸರಳುಗಳ ಸಂದಿಯಿಂದ ಕೈ ಹೊರಗೆ ಹಾಕಿ ಮಗಳ ಕೆನ್ನೆ ಸವರಿದರು. ಆಮೇಲೆ ನನಗೆ, "ಮುಂದಿನ ಸಲ ರಕ್ತ ತೋರಿಸಿದ ಕೂಡಲೇ ಫೋನ್ ಮಾಡು. ಅವನ ಕೈಲೆ ಮಾಡಸಬ್ಯಾಡ, ನೀನ ಮಾಡು. ಚಲೋ ಇರಲಿ, ಕೆಟ್ಟ ಇರಲಿ, ನೀನ ಹೇಳು" ಎಂದರು.

"ಹೇಳ್ತೀನಿ ಅತ್ತೆ."

ರೈಲು ಹೊರಟಿತು. ಎದುರಿನ ಖಾಲಿ ಸೀಟಿನ ಮೇಲೆ, ಮಗಳ ಅರ್ಧ ಟಿಕೆಟ್ಟಿನ ಜಾಗದಲ್ಲಿ, ಅತ್ತೆ ತಮ್ಮ ಊಟದ ಬುತ್ತಿ ಇಟ್ಟುಕೊಳ್ಳುವುದು ಕಾಣಿಸಿತು. ಮಗಳು ರೈಲಿನ ಹಿಂದೆ ನಾಲ್ಕು ಹೆಜ್ಜೆ ಓಡಿ, ನಿಂತು, ತಿರುಗಿ ನನ್ನನ್ನು ನೋಡಿ ಜೋರಾಗಿ ಅಳತೊಡಗಿದಳು. ಅವಳನ್ನು ಎತ್ತಿಕೊಂಡೆ. ನನ್ನ ಕೈ ನಡುಗುತ್ತಲೇ ಇತ್ತು, ಅದು ಅವಳಿಗೆ ಗೊತ್ತಾಗುತ್ತಲೂ ಇತ್ತು. ಈ ಸಲ ಚಳಿ ಎಂದು ಹೇಳಲಿಲ್ಲ.