ವಿಮಾನದ ಬುಡದವರೆಗೆ

ಮೊದಲ ದಿನ ನನಗೆ ಕೊಟ್ಟ ಬಸ್ಸಿಗೆ ಎರಡೂ ಕಡೆ ಬಾಗಿಲುಗಳಿದ್ದವು. ಟಿಕೆಟ್ ಇಲ್ಲ, ಕಂಡಕ್ಟರ್ ಇಲ್ಲ, ಸೀಟುಗಳು ಹೆಸರಿಗೆ ಹತ್ತೋ ಹನ್ನೆರಡೋ. ಅಗಲವಂತೂ, ಶಿರಾಳಕೊಪ್ಪದ ಸಂತೆಯ ದಿನ ನುಗ್ಗಿಸಿದರೆ ಎರಡೂ ಕಡೆಯ ಅಂಗಡಿಗಳನ್ನು ಸವರಿಕೊಂಡು ಹೋಗುವಷ್ಟು. ಹಾರ್ನ್ ಒತ್ತುವಂತಿಲ್ಲ. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಮೀರುವಂತಿಲ್ಲ. ಎದುರಿಗೆ ವಿಮಾನ ಬಂದರೆ ನಿಲ್ಲಿಸಿ ದಾರಿ ಬಿಡಬೇಕು. ತಾಳಗುಂದದ ಹತ್ತಿರ ಎಮ್ಮೆಗಳಿಗೆ ದಾರಿ ಬಿಟ್ಟು ಗೊತ್ತಿತ್ತು ನನಗೆ. ಎಮ್ಮೆಯಾದರೆ ಒಮ್ಮೆ ತಿರುಗಿಯಾದರೂ ನೋಡುತ್ತದೆ.

ನಾನು ಶಿಕಾರಿಪುರ–ಸೊರಬ ನಡುವೆ ಖಾಸಗಿ ಬಸ್ಸನ್ನು ಹನ್ನೊಂದು ವರ್ಷ ಓಡಿಸಿದವನು. ಆರು ವರ್ಷಗಳಿಂದ ಕೊಲ್ಲಿಯ ಒಂದು ದೊಡ್ಡ ನಗರದ ವಿಮಾನ ನಿಲ್ದಾಣದಲ್ಲಿ ಡ್ರೈವರ್. ಎಲ್ಲ ವಿಮಾನಗಳೂ ಕಟ್ಟಡಕ್ಕೆ ಅಂಟಿಕೊಂಡು ನಿಲ್ಲುವುದಿಲ್ಲ. ದೂರದಲ್ಲಿ ನಿಂತವುಗಳಿಗೆ ಜನರನ್ನು ಒಯ್ಯುವುದು, ಬಂದಿಳಿದವರನ್ನು ಕರೆತರುವುದು ನನ್ನ ಕೆಲಸ. ಒಂದು ಟ್ರಿಪ್ಪಿಗೆ ಏಳೆಂಟು ನಿಮಿಷ. ವಿಮಾನ ಹತ್ತೋಕೂ ಬಸ್ ಹತ್ತಬೇಕಾ ಎಂದು ಊರಲ್ಲಿ ನಗುತ್ತಾರೆ. ಲಂಡನ್, ಮನಿಲಾ, ನೈರೋಬಿಗೆ ಹೋಗುವವರನ್ನೆಲ್ಲ ವಿಮಾನದ ಬುಡದವರೆಗೆ ಬಿಟ್ಟು ಹಿಂದಿರುಗುತ್ತೇನೆ. ಆರು ವರ್ಷದಲ್ಲಿ ನಾನು ಅದರ ಮೆಟ್ಟಿಲು ಹತ್ತಿದ್ದು ರಜೆಗೆ ಹೋಗುವಾಗ ಮಾತ್ರ.

ಊರಿನ ಬಸ್ಸಿನಲ್ಲಿ ಡ್ರೈವರ್ ಎಂದರೆ ಮನೆಯವನ ಲೆಕ್ಕ. ಬಾನೆಟ್ ಮೇಲೆ ಕೂತವರು ಮಗಳ ಮದುವೆಯಿಂದ ಹಿಡಿದು ಮಂಡಿನೋವಿನವರೆಗೆ ಹೇಳುತ್ತಿದ್ದರು. ಯಾರದೋ ಊಟದ ಕ್ಯಾರಿಯರ್, ಇನ್ಯಾರದೋ ಮಾತ್ರೆ ಚೀಟಿ ನನ್ನ ಪಕ್ಕದಲ್ಲೇ ಇರುತ್ತಿದ್ದವು. ದೂರದಲ್ಲಿ ಒಬ್ಬ ಮುದುಕಿ ಕೈ ಬೀಸಿದರೆ ಬಸ್ಸು ನಿಲ್ಲುತ್ತಿತ್ತು. ಇಲ್ಲಿ ನನಗೂ ಜನರಿಗೂ ನಡುವೆ ಗಾಜು. ಕೆಳಗೆ ನಿಂತ ನಿಲ್ದಾಣದ ಕೆಲಸದ ಹುಡುಗ ಹೆಬ್ಬೆರಳು ಎತ್ತಿದಾಗ ಬಾಗಿಲು ತೆಗೆಯಬೇಕು, ‘ಯಲ್ಲಾ’ ಎಂದಾಗ ಹೊರಡಬೇಕು. ಯಲ್ಲಾ ಎಂದರೆ ‘ನಡಿ ನಡಿ’. ಮೊದಲ ವರ್ಷ ಈ ಮೌನ ಎದೆಗೆ ಕಲ್ಲು ಕಟ್ಟಿದ ಹಾಗಿತ್ತು. ಎರಡನೆಯ ವರ್ಷ ಅದು ಇದ್ದದ್ದೇ ಗೊತ್ತಾಗಲಿಲ್ಲ. ಆಮೇಲೆ ಗಾಜಿನ ಆಚೆ ಯಾರಾದರೂ ಅಳುತ್ತಿದ್ದರೂ ನಾನು ನೆಲದ ಮೇಲಿನ ಹಳದಿ ಗೆರೆಯನ್ನೇ ನೋಡುತ್ತಿದ್ದೆ.

ಒಂದು ಕೋಣೆಯಲ್ಲಿ ಆರು ಜನ ಇದ್ದೇವೆ. ಖುಬೂಸ್ ಎಂಬ ಅಂಗಡಿ ರೊಟ್ಟಿಗೆ ಊರಿನ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತೇವೆ. ವಿಮಾನಗಳ ಅಂಗಳದಲ್ಲಿ ಓಡಿಸುವ ಪರ್ಮಿಟ್ಟಿನ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾಗಿದ್ದೆ. ಪಕ್ಕದ ಮಂಚದ ತಾಪಾ ಎಂಬ ನೇಪಾಳದ ಡ್ರೈವರ್ ಹೇಳಿಕೊಟ್ಟ ಮೇಲೆ ಪಾಸಾದೆ. ಅವನು ಹೇಳಿಕೊಟ್ಟದ್ದರಲ್ಲಿ ಮುಖ್ಯವಾದದ್ದು ‘ಫಾಡ್’. ನೆಲದ ಮೇಲೆ ಇರಬಾರದ ಯಾವ ವಸ್ತುವಿಗೂ ಇಲ್ಲಿ ಅದೇ ಹೆಸರು. ಒಂದು ನಟ್ಟು, ಬಾಟಲಿ ಮುಚ್ಚಳ, ಸೂಟ್‌ಕೇಸಿನ ಚಕ್ರ, ಏನು ಬಿದ್ದಿದ್ದರೂ ವಿಮಾನದ ಇಂಜಿನ್ನು ಎಳೆದುಕೊಂಡರೆ ಕೆಟ್ಟಿತು. ಹಾಗಾಗಿ ಪ್ರತಿ ಟ್ರಿಪ್ಪಿಗೆ ಮೊದಲು ಬಸ್ಸಿನ ಸುತ್ತ ಒಂದು ಸುತ್ತು ಬರಬೇಕು, ಚಕ್ರಗಳ ಬುಡ ನೋಡಬೇಕು, ಕಂಡದ್ದನ್ನು ಎತ್ತಬೇಕು. ದಿನಕ್ಕೆ ಇಪ್ಪತ್ತು ಸಲ ಬಗ್ಗುತ್ತೇನೆ. ಈಗ ಯೋಚಿಸುವುದೂ ಇಲ್ಲ.

ಕಳೆದ ಸಲ ರಜೆಗೆ ಹೋಗುವಾಗ ನನ್ನ ಕರಾರು ಮುಗಿಯುತ್ತಾ ಬಂದಿತ್ತು. ಇನ್ನೂ ಮೂರು ವರ್ಷ ಇರುತ್ತೇನೋ ಇಲ್ಲವೋ ಎಂದು ರಜೆ ಮುಗಿಯುವುದರೊಳಗೆ ಕಂಪನಿಗೆ ತಿಳಿಸಬೇಕಿತ್ತು. ನನ್ನ ಹೆಂಡತಿ ರೇಣುಕಾ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: ಸಾಕು, ಬಂದುಬಿಡಿ. ನನ್ನ ಹಳೆಯ ಮಾಲೀಕರು ಶೇಖರಪ್ಪನವರು ಅದಕ್ಕೆ ದಾರಿಯನ್ನೂ ಮಾಡಿಟ್ಟಿದ್ದರು. ಹೊಸ ಬಸ್ಸು ತಂದಿದ್ದರು. ಆಯುಧಪೂಜೆಯ ದಿನ ಮೊದಲ ಟ್ರಿಪ್ ನೀನೇ ಓಡಿಸು, ಅಲ್ಲಿಂದಾಚೆ ಆ ಬಸ್ಸು ನಿನ್ನ ಕೈಗೆ ಎಂದಿದ್ದರು. ನಾನು ಆಗಲಿ ಎಂದಿದ್ದೆ. ಸಂತೋಷವಾಯಿತೇ ಎಂದು ಕೇಳಿದರೆ, ಆಗಬೇಕಿತ್ತು ಎಂದಷ್ಟೇ ಹೇಳಬಲ್ಲೆ.

ಆಯುಧಪೂಜೆಯ ಬೆಳಿಗ್ಗೆ ಶಿಕಾರಿಪುರದಲ್ಲಿ ಶೇಖರಪ್ಪನವರ ಶೆಡ್ಡಿನ ಮುಂದೆ ಜನ ಸೇರಿದ್ದರು. ಬಸ್ಸಿನ ಮೂತಿಗೆ ಬಾಳೆಕಂದು, ಚೆಂಡುಹೂವಿನ ಹಾರ. ರೇಣುಕಾ ಹೊಸ ಸೀರೆಯುಟ್ಟು ಮಗಳೊಂದಿಗೆ ಆಗಲೇ ಒಳಗೆ ಕೂತಿದ್ದಳು; ಸೊರಬದ ಅವಳ ತವರಿನವರೆಗೆ ಅದೇ ಟ್ರಿಪ್ಪಿನಲ್ಲಿ ಹೋಗುವುದೆಂದಾಗಿತ್ತು. ಮಂಗಳಾರತಿಯಾಯಿತು, ಬೂದುಗುಂಬಳ ಒಡೆದರು, ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು. ಅವುಗಳ ಮೇಲೆ ಹಾಯಿಸಿಕೊಂಡು ಹೊರಟರೆ ಬಸ್ಸಿಗೆ ತಗುಲಿದ ದೃಷ್ಟಿ ಅಲ್ಲೇ ಕಳೆಯಿತು. ಹನ್ನೊಂದು ವರ್ಷ ನಾನೇ ಹಾಯಿಸಿದ್ದೆ. ಹೊರಡು ಎಂದರು ಶೇಖರಪ್ಪನವರು.

ನಾನು ಬಸ್ಸಿನ ಸುತ್ತ ಒಂದು ಸುತ್ತು ಬಂದೆ. ಸೀಟು ಹತ್ತಲು ಕಾಲೆತ್ತಿದಾಗ ಜನ ಯಾಕೋ ಸುಮ್ಮನಾದದ್ದು ತಿಳಿಯಿತು. ನನ್ನ ಕೈ ನೋಡಿಕೊಂಡೆ. ನಾಲ್ಕೂ ನಿಂಬೆಹಣ್ಣು ನನ್ನ ಕೈಯಲ್ಲಿದ್ದವು. ಎಸೆಯುವ ಡಬ್ಬಿ ಎಲ್ಲಿದೆ ಎಂದು ಕಣ್ಣು ಇನ್ನೂ ಹುಡುಕುತ್ತಿತ್ತು.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ನನ್ನದು ಸುಡದೆಯೇ ಹೋಗಿತ್ತು. ದೃಷ್ಟಿಗೆ ಇಟ್ಟದ್ದನ್ನು ಬರಿಗೈಯಲ್ಲಿ ಎತ್ತಿದ್ದೆ, ಅದೂ ಹೊಸ ಬಸ್ಸಿನದು, ಮೊದಲ ಟ್ರಿಪ್ಪಿಗೆ ಮುಂಚೆ. ಶೇಖರಪ್ಪನವರು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಸರಿಮಾಡಿಕೊಳ್ಳುತ್ತಿದ್ದೆವು. ಹತ್ತಿರ ಬಂದು ಹಣ್ಣುಗಳನ್ನು ಇಸಿದುಕೊಂಡು, ಮೆಲ್ಲಗೆ ಹೇಳಿದರು:

“ಇವತ್ತು ಹಾಲೇಶ ಹತ್ತಲಿ ಬಿಡು ಮಂಜಣ್ಣ. ನೀನು ಹಿಂದೆ ಕೂತ್ಕೋ. ಮುಂದಿಂದು ಆಮೇಲೆ ನೋಡಣ.”

ಆಮೇಲೆ ನೋಡಣ ಎಂದರೆ ನಮ್ಮ ಕಡೆ ಏನರ್ಥ ಎಂದು ನಿಮಗೆ ಹೇಳಬೇಕಾಗಿಲ್ಲ. ಮೊದಲು ನನಗೆ ಕ್ಲೀನರ್ ಆಗಿದ್ದ ಹಾಲೇಶ ಮುಖ ತಪ್ಪಿಸಿಕೊಂಡು ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಬೇರೆ ನಿಂಬೆಹಣ್ಣು ತರಿಸಿದರು. ಬಸ್ಸು ಅವುಗಳ ಮೇಲೆ ಹಾಯ್ದು ಹೊರಟಿತು.

ನಾನು ರೇಣುಕಾಳ ಪಕ್ಕದಲ್ಲಿ ಕೂತೆ. ನಾಚಿಕೆಯಾಗಬೇಕಿತ್ತು, ದುಃಖವಾಗಬೇಕಿತ್ತು. ಏನೂ ಆಗಲಿಲ್ಲ. ಏನೂ ಆಗದಿದ್ದುದಕ್ಕೇ ನನಗೆ ಹೆದರಿಕೆಯಾಯಿತು. ಕಿಟಕಿಯಾಚೆ ಮೆಕ್ಕೆಜೋಳದ ಹೊಲಗಳು ಹೋಗುತ್ತಿದ್ದವು. ಶಿರಾಳಕೊಪ್ಪ ದಾಟಿದ ಮೇಲೆ, ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಎತ್ತಿಬಿಟ್ಟಿತು ಎಂದೆ.

“ಗೊತ್ತು ಬಿಡ್ರಿ,” ಎಂದಳು. ಮಗಳ ಜಡೆ ಸರಿಮಾಡುತ್ತಾ, “ಆರು ವರ್ಷ ನಮಗೆ ಅನ್ನ ಹಾಕಿದ್ದು ಆ ಕೈನೇ ಅಲ್ವಾ? ಅದಕ್ಕೆ ಅಲ್ಲಿದೇ ರೂಢಿ ಆಗೈತಿ. ಇರ್ತೀನಿ ಅಂತ ಬರೆದು ಕಳಿಸಿಬಿಡ್ರಿ ಅವರಿಗೆ.”

ನಾನು ಬೇಡ ಎನ್ನಲಿಲ್ಲ. ಫೋನು ತೆಗೆದು ಅಲ್ಲೇ, ಅವಳ ಎದುರಿಗೇ ಕಳಿಸಿದೆ. ಹೋಯಿತಾ ಎಂದು ಕೇಳಿದಳು. ಹೋಯಿತು ಎಂದೆ. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಸೊರಬ ಬರುವವರೆಗೂ ಅವಳ ಭುಜ ಅಲುಗುತ್ತಿತ್ತು, ನಾನು ಪಕ್ಕದಲ್ಲೇ ಕೂತು ರಸ್ತೆ ನೋಡುತ್ತಿದ್ದೆ.