ಔಸ್ದಿ ಅಂದರೆ ಏನೆಂದು ನನಗೆ ಗೊತ್ತಿತ್ತು

ಮಾದಮ್ಮಕ್ಕ, ಅವತ್ತು ನೀನು ಆಡಿದ ಮಾತನ್ನು ನಾನು ಬೇಕೆಂದೇ ತಪ್ಪಾಗಿ ಹೇಳಿದೆ. ಕೇಳಿಸದೆ ಅಲ್ಲ, ಅರ್ಥವಾಗದೆ ಅಲ್ಲ — ಬೇಕೆಂದೇ. ಗುಂಡ್ಲುಪೇಟೆ ರಸ್ತೆಯ ನಿನ್ನ ಅರಿಸಿನದ ಹೊಲ ಸಾವಯವ ಗುಂಪಿನಿಂದ ಹೊರಬಿದ್ದದ್ದು ನಿನ್ನ ತಪ್ಪಿನಿಂದಲ್ಲ, ನನ್ನ ಬಾಯಿಂದ.

ಇದರ ಹಿಂದುಮುಂದು ನಿನಗೆ ಯಾರೂ ಹೇಳಲಿಲ್ಲ. ನಿನ್ನ ಬೆಳೆ ಸಾವಯವವೋ ಅಲ್ಲವೋ ಎಂದು ನೋಡಿ ಪ್ರಮಾಣಪತ್ರ ಕೊಡುವುದು ನಮ್ಮ ಸಂಸ್ಥೆ. ನಾನು ಅದರ ತಪಾಸಣೆಯವನು. ಆದರೆ ನಮಗೂ ಮೇಲಿನಿಂದ ಮಾನ್ಯತೆ ಬೇಕು, ದೇಶಕ್ಕೆಲ್ಲ ಒಂದೇ ನಿಯಮ. ಅದನ್ನು ನವೀಕರಿಸಲು ದಿಲ್ಲಿಯಿಂದ ಬರುವವರು ಪರೀಕ್ಷೆ ಮಾಡುವುದು ರೈತರನ್ನಲ್ಲ, ನಮ್ಮನ್ನು — ನಾನು ಹೊಲ ತಪಾಸಣೆ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡುತ್ತಾರೆ. ಅವತ್ತಿಗಿಂತ ಹಿಂದಿನ ಸಲ ಬಂದವರು ಒಂದು ಮಾತು ಚುಚ್ಚಿ ಹೋಗಿದ್ದರು: ಇಷ್ಟು ವರ್ಷದಲ್ಲಿ ಒಬ್ಬ ರೈತನ ತಪ್ಪನ್ನೂ ಹಿಡಿದಿಲ್ಲವಲ್ಲ, ಕಣ್ಣು ಮುಚ್ಚಿಕೊಂಡು ಸಹಿ ಹಾಕುತ್ತೀರಾ?

ಹಾಕುತ್ತಿದ್ದೆವು ಅಕ್ಕ. ದೊಡ್ಡ ಜಮೀನಿನವರ ಹೊಲವನ್ನು ಜೀಪಿನಿಂದ ಇಳಿಯದೆಯೇ ನೋಡಿ ಮುಗಿಸಿದ್ದೇನೆ.

ನಿನ್ನ ಹೊಲ ನೋಡಿದ ದಿಲ್ಲಿಯವರು ಬರುವ ಹಿಂದಿನ ದಿನ ಚಾಮರಾಜನಗರದ ಆಫೀಸಿನಲ್ಲಿ ಮ್ಯಾನೇಜರು, "ನಾಳೆ ಒಂದಾದರೂ ತಪ್ಪು ಸಿಗಬೇಕು ಕಣಯ್ಯ, ಇಲ್ಲದಿದ್ದರೆ ನಮ್ಮ ಬಾಗಿಲು ಮುಚ್ಚಿತು ಅನ್ನು" ಅಂದರು. ಸರಿ ಸಾರ್ ಅಂದೆ. ಅಷ್ಟು ಸುಲಭವಾಗಿ ಅಂದುಬಿಟ್ಟೆ — ಈಗ ನೆನೆದರೆ ಸಾಕಪ್ಪಾ ಅನ್ನಿಸುತ್ತದೆ.

ಜಗಳಕ್ಕೆ ಬರುವವಳಲ್ಲ, ಹಿಂದೆ ನಿಲ್ಲುವವರು ಯಾರೂ ಇಲ್ಲ ಅಂತ ನೋಡಿಯೇ ಅವರನ್ನು ನಿನ್ನ ಹೊಲಕ್ಕೆ ಕರೆತಂದೆ. ನೀನೋ, ನನ್ನದು ಉಮ್ಮತ್ತೂರು ಎಂದು ಗೊತ್ತಾಗಿದ್ದೇ ತಡ, "ಅಯ್ಯೋ, ನಮ್ ಚಿಕ್ಕವ್ವನ್ ಊರು ಕಣಪ್ಪ!" ಎಂದು ಹಿಗ್ಗಿದೆ. ದಿಲ್ಲಿಯವರಿಗೆ ಕನ್ನಡ ಬಾರದು. ಎಲೆಯ ಮೇಲಿದ್ದ ಹಳೆಯ ಚುಕ್ಕೆ ತೋರಿಸಿ, ಇದಕ್ಕೆ ಏನು ಮಾಡಿದಿರಿ ಎಂದು ನನ್ನ ಮೂಲಕ ಕೇಳಿದರು. ನೀನು ಸೆರಗಿನಲ್ಲಿ ಕೈ ಒರೆಸಿಕೊಂಡು, ಎಷ್ಟು ಜಂಬದಿಂದ ಹೇಳಿದೆ —

"ಔಸ್ದಿ ಒಡ್ದೆ ಕಣಪ್ಪ. ನಿಂತೋಯ್ತು."

ನಮ್ಮ ಕಡೆ ಎಲ್ಲವೂ ಔಸ್ದಿಯೇ. ಬೇವಿನ ಬೀಜದ ಕಷಾಯವೂ ಔಸ್ದಿ, ಗಂಜಲವೂ ಔಸ್ದಿ, ಅಂಗಡಿಯ ವಿಷವೂ ಔಸ್ದಿ. ನೀನು ಹೊಡೆದದ್ದು ಯಾವುದೆಂದು ಕೇಳಬೇಕಾಗಿಯೂ ಇರಲಿಲ್ಲ. ಚುಕ್ಕೆಗೆ ಹೊಡೆಯುವ ಹುಳಿ ಮಜ್ಜಿಗೆಯ ಡ್ರಮ್ಮು ನಿನ್ನ ಹಿಂದೆಯೇ ಇತ್ತು, ವಾಸನೆ ನನ್ನ ಮೂಗಿಗೆ ಬಡಿಯುತ್ತಿತ್ತು. ಸಾಹೇಬರು ನನ್ನ ಮುಖ ನೋಡಿದರು. ನಾನು —

"ಪೆಸ್ಟಿಸೈಡ್" ಅಂದೆ.

ನಾನು ನಿನ್ನನ್ನು ಹೊಗಳುತ್ತಿದ್ದೇನೆ ಅಂದುಕೊಂಡು ನೀನು ನಕ್ಕು ತಲೆಯಾಡಿಸಿದೆ ಅಕ್ಕ. ಎಲೆ ಕಿತ್ತು ಲ್ಯಾಬಿಗೆ ಕಳಿಸಿದ್ದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಅವಳೇ ಒಪ್ಪಿಕೊಂಡ ಮೇಲೆ ಲ್ಯಾಬ್ ಯಾಕೆ — ಹಾಗಂದವನೂ ನಾನೇ. ಥೂ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನಮಗೆ ಮಾನ್ಯತೆ ಸಿಕ್ಕಿತು, ಕಟ್ಟುನಿಟ್ಟಾದ ಸಂಸ್ಥೆ ಎಂದು ಹೆಸರೂ ಬಂತು. ನಿನ್ನನ್ನು ಗುಂಪಿನಿಂದ ತೆಗೆದರು. ಕದ್ದು ವಿಷ ಹೊಡೆದು ಎಲ್ಲರ ಮಾನ ಕಳೆದಳು ಎಂದು ಊರು ಆಡಿಕೊಂಡಿತಂತೆ. ಅರಿಸಿನ ಕೀಳುವಾಗ ನಿನ್ನ ಹೊಲಕ್ಕೆ ಮುಯ್ಯಾಳು ಸಹ ಬರಲಿಲ್ಲವಂತೆ. ಎಷ್ಟು ಜನರ ಹೊಲದಲ್ಲಿ ನೀನು ಮುಯ್ಯಿಗೆ ದುಡಿದಿದ್ದೆಯೋ. ನನಗೆ ಎಲ್ಲ ಸುದ್ದಿಯೂ ಬರುತ್ತಿತ್ತು. ಬಂದು ಹೇಳಿಬಿಡಬೇಕು ಅನ್ನಿಸುತ್ತಿತ್ತು, ಆಮೇಲೆ — ಆಮೇಲೆ ಊಟದ ಹೊತ್ತಾಗುತ್ತಿತ್ತು, ಅಷ್ಟೆ.

ಮೊನ್ನೆ ಆ ಕಡೆ ಬಂದಾಗ ನಿನ್ನ ಹೊಲದ ತುಂಬ ಚೆಂಡುಹೂವು. ಬಣ್ಣದ ಫ್ಯಾಕ್ಟರಿಗೆ ಹೋಗುವ ಹೂವು. ಕೇರಳದ ಕಾರುಗಳನ್ನು ನಿಲ್ಲಿಸಿ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಿನ್ನ ಬೆನ್ನ ಮೇಲೆ ಸ್ಪ್ರೇ ಕ್ಯಾನು. ಬಾಯಿಗೆ ಬೇರೆ ಮಾತು ಬರದೆ, "ಏನಕ್ಕ, ಔಸ್ದಿನಾ?" ಎಂದು ಕೇಳಿಬಿಟ್ಟೆ.

"ಊ ಕಣಪ್ಪ, ಈಗ ಅಂಗಡೀದೇ. ಇಸ ಒಡ್ದೋಳು ಅಂತ ಎಸ್ರು ಬಂದ್ಮೇಲೆ ಒಡೀದೆ ಇನ್ನೇನ್ ಮಾಡನ?" ಎಂದು ನಕ್ಕೆ. "ಕೂತ್ಕೊ, ಬಿಸ್ಲಲ್ಲಿ ಬಂದಿದ್ದೀಯೆ, ಮಜ್ಜಿಗೆ ಕುಡ್ಕೊಂಡು ಓಗು."

ಕುಡಿದೆ. ಆಗಲೂ ಹೇಳಲಿಲ್ಲ.

ಮಾನ್ಯತೆಯ ನವೀಕರಣ ಮತ್ತೆ ಬಂದಿದೆ. ದಿಲ್ಲಿಯವರಿಗೆ ಕನ್ನಡ ತಿಳಿಸಲು ನನ್ನನ್ನೇ ಹಾಕಿದ್ದಾರೆ. ಈ ಸಲ ಅವರಿಗೆ ಮೊದಲು ಹೇಳುವುದು ಆ ಒಂದು ಮಾತನ್ನೇ. ಕೆಲಸ ಹೋದರೆ ಹೋಗಲಿ. ಅದಕ್ಕಿಂತ ಮುಂಚೆ ನಿಮ್ಮ ಊರ ಕಟ್ಟೆಗೆ ಬರುತ್ತೇನೆ. ಗುಂಪಿನವರೆಲ್ಲ ಕೂತಿರುವಾಗ, ನಿನ್ನ ಎದುರಿಗೇ ಹೇಳುತ್ತೇನೆ.

ಕ್ಷಮಿಸು ಅಂತ ಮಾತ್ರ ಕೇಳುವುದಿಲ್ಲ ಅಕ್ಕ. ಕೇಳಿದರೆ ನೀನು "ಓಗ್ಲಿ ಬುಡಪ್ಪ" ಅಂದುಬಿಡುತ್ತೀಯ. ಹೋಗಲಿ ಬಿಡು ಅನ್ನುವಂಥದ್ದಲ್ಲ ಇದು.